ಟಡ್‌ವಿಕ್ ಗ್ರಾಮದ ಸ್ಥಳಪುರಾಣ

ಅಥವಾ ಮೊದಲು ನಾನು ನಿಜ ಹೇಳಿದ್ದೇ ಇರಬಹುದು, ಆಮೇಲೆ ಸಾಹೇಬರು ನನ್ನ ಅರ್ಜಿಗೆ ಸಹಿ ಹಾಕಿದ್ದು. ಹೆಂಡತಿ ಪ್ರೇಮಾ ಇದನ್ನು ಒಪ್ಪುವುದಿಲ್ಲ. ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಅಂಥ ಸಾಕ್ಷಿಯನ್ನು ನಾನೂ ನಂಬುವುದಿಲ್ಲ.

ಆಗ ನಾನು ಅಬುಧಾಬಿಯ ಒಂದು ಕಚೇರಿಯಲ್ಲಿ, ಪ್ರೇಮಾ ಅಲ್ ಐನ್‌ನಲ್ಲಿ ನರ್ಸ್. ಮೂರು ವರ್ಷಗಳಿಂದ ನಮ್ಮದು ವಾರದ ರಜೆಯಲ್ಲಿ ಮಾತ್ರ ಸೇರುವ ಶುಕ್ರವಾರದ ಸಂಸಾರ. ಅಲ್ ಐನ್ ಶಾಖೆಗೆ ವರ್ಗ ಕೇಳಿದ ನನ್ನ ಅರ್ಜಿ ಮ್ಯಾನೇಜರ್ ಪೀಟರ್ ಸಾಹೇಬರ ಮೇಜಿನ ಮೇಲಿತ್ತು. ಅವರೋ ನಿವೃತ್ತರಾಗಿ ಇಂಗ್ಲೆಂಡಿಗೆ ಹೊರಟಿದ್ದರು.

ಒಂದು ಸನ್ಮಾನ ಮಾಡಿದರೆ ಸಹಿ ತಾನಾಗಿಯೇ ಬೀಳುತ್ತದೆ ಎಂದು ತೀರ್ಮಾನಿಸಿದೆ. ಶಾಲು, ಹಣ್ಣಿನ ತಟ್ಟೆ ಸಿದ್ಧ. ಸನ್ಮಾನಪತ್ರ ಬರೆಯುವ ಹೊಣೆ ನನ್ನದೇ. ಸನ್ಮಾನಪತ್ರವೆಂದ ಮೇಲೆ ಹುಟ್ಟೂರಿನ ಮಹಿಮೆ ಬೇಡವೇ? ಸಾಹೇಬರ ಊರು ಟಡ್‌ವಿಕ್. ಇಂಟರ್‌ನೆಟ್ ಜಾಲಾಡಿದೆ. ಸಿಕ್ಕಿದ್ದು ಒಂದು ಚರ್ಚು, ಒಂದು ಬಸ್ ನಿಲ್ದಾಣ; ಅಲ್ಲಿಗೆ ಬರುವ ಬಸ್ಸೂ ನಿಂತುಹೋಗಿತ್ತು. ಹೆಸರಿನ ಮೂಲ: ತಿಳಿದಿಲ್ಲ.

ಮೂಲವೇ ಗೊತ್ತಿಲ್ಲದ ಊರು! ನನಗೆ ಕನಿಕರ ಬಂತು. ನಮ್ಮ ಕಡೆಯ ಸ್ಥಳಪುರಾಣಗಳಲ್ಲಿ ತಪ್ಪದೆ ಬರುವ ದನವನ್ನು ಹೊಡೆದುಕೊಂಡು ಹೋಗಿ ಟಡ್‌ವಿಕ್‌ನಲ್ಲಿ ಕಟ್ಟಿದೆ. ಆ ದನ ದಿನವೂ ಒಂದು ಕಲ್ಲಿನ ಮೇಲೆ ಹಾಲು ಸುರಿಸುತ್ತಿತ್ತು. ದನ ಕಾಯುವವ ಸಿಟ್ಟಿನಿಂದ ಕಲ್ಲಿಗೆ ಕತ್ತಿ ಬೀಸಿದ. ಕಲ್ಲಿನಿಂದ ರಕ್ತ! ಜನ ಅಲ್ಲೇ ಚರ್ಚು ಕಟ್ಟಿದರು. 'ಟಡ್' ಎಂಬುದು ಆ ದನದ ಹೆಸರು. ಇಷ್ಟನ್ನೂ ಇಂಗ್ಲಿಷಿನಲ್ಲಿ ಗಂಭೀರವಾಗಿ ಓದಿದೆ. ಶಾಲು ಹೊದ್ದ ಸಾಹೇಬರ ಕಣ್ಣು ತುಂಬಿ ಬಂತು.

ಮರುದಿನ ಅವರು ನನ್ನನ್ನು ಕರೆದು ಫೋನಿನ ಸ್ಪೀಕರ್ ಒತ್ತಿದರು. ಆ ಕಡೆ ಅವರ ಅಕ್ಕ. ಎಂಬತ್ತು ವರ್ಷ, ಟಡ್‌ವಿಕ್ ಇತಿಹಾಸ ಸಂಘದ ಅಧ್ಯಕ್ಷೆ.

"ಆ ಕಲ್ಲು ಎಲ್ಲಿದೆ?" ಎಂದರು ಅಕ್ಕ.

ಅರ್ಜಿ ಇನ್ನೂ ಮೇಜಿನ ಮೇಲೆಯೇ ಇತ್ತು. "ಚರ್ಚಿನ ಹಿಂದೆ, ಈಶಾನ್ಯ ಮೂಲೆಯಲ್ಲಿ, ಮೇಡಂ," ಎಂದೆ.

ಮೂರು ದಿನಕ್ಕೆ ಫೋಟೋ ಬಂತು. ಆ ಮೂಲೆಯಲ್ಲಿ ನಿಜವಾಗಿಯೂ ಒಂದು ಕಲ್ಲು! ಸುತ್ತ ಹೊಸ ಬೇಲಿ. ಫಲಕವನ್ನೂ ಬರೆಸುತ್ತಾರಂತೆ. ಗಾಬರಿಯಿಂದ ಪ್ರೇಮಾಳಿಗೆ ಫೋನ್ ಮಾಡಿದೆ.

"ನಿಮಗೆ ಮಂಡೆ ಸಮ ಉಂಟಾ? ಒಂದು ಸಹಿಗೋಸ್ಕರ ಪಾಪದ ಅಜ್ಜಿಯಿಂದ ಕಲ್ಲಿಗೆ ಬೇಲಿ ಹಾಕಿಸಿದ್ರಲ್ಲ ಮಾರಾಯ್ರೆ!"

"ಫಲಕಕ್ಕೆ ನನ್ನ ಹೆಸರೂ ಹಾಕ್ತಾರಂತೆ."

"ಹಾಕ್ಲಿ. ಹುಡುಕಿಕೊಂಡು ಬಂದು ಬೈಲಿಕ್ಕೆ ಸುಲಭ ಆಗ್ತದೆ. ಈಗ್ಲೇ ಹೋಗಿ ನಿಜ ಹೇಳಿ. ಸಹಿ ಸಿಗದಿದ್ರೆ ಶುಕ್ರವಾರ ಹೇಗೂ ಉಂಟಲ್ಲ!"

ಹೋದೆ. "ಸರ್, ಅದು ನಮ್ಮೂರಿನ ದನ," ಎಂದೆ.

ಸಾಹೇಬರು ಕುರ್ಚಿಗೆ ಹೊದಿಸಿದ್ದ ಸನ್ಮಾನದ ಶಾಲನ್ನು ತೆಗೆದು ಮಡಿಸಿಟ್ಟರು. ಆಮೇಲೆ ನನ್ನಿಂದಲೇ ಅಕ್ಕನಿಗೆ ಹೇಳಿಸಿದರು. ಅಕ್ಕ ಜೋರಾಗಿ ನಕ್ಕರು. ಇಂಗ್ಲೆಂಡಿನ ಎಷ್ಟೋ ಊರುಗಳ ಹೆಸರಲ್ಲಿ 'ವಿಕ್' ಎಂದರೆ ದನ ಸಾಕಿ ಹಾಲು ಕರೆಯುವ ಜಾಗವಂತೆ!

"ಹಾಗಾಗಿ ಫಲಕದಲ್ಲಿ ದನ ಇರಲಿ. ರಕ್ತ ಬೇಡ. ನಿಮ್ಮ ಹೆಸರೂ ಬೇಡ," ಎಂದರು.

ಇದನ್ನು ಅಲ್ ಐನ್‌ನ ನಮ್ಮ ಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಪ್ರೇಮಾ ಹೇಳುವ ಪ್ರಕಾರ, ಅಂದು ನಾನು ಒಳಗೆ ಹೋದಾಗ ಅರ್ಜಿಗೆ ಆಗಲೇ ಸಹಿ ಬಿದ್ದಿತ್ತು. ಅದನ್ನು ನೋಡಿದ ಮೇಲೆಯೇ ನನಗೆ ನಿಜ ಹೇಳುವ ಧೈರ್ಯ ಬಂದದ್ದಂತೆ. ಸಹಿಯ ಕೆಳಗೆ ತಾರೀಕಿದೆ, ಗಂಟೆ ಇಲ್ಲ. 'ಟಡ್' ಎಂದರೆ ಏನೆಂದು ಟಡ್‌ವಿಕ್‌ನವರಿಗೆ ಇಂದಿಗೂ ಗೊತ್ತಿಲ್ಲ. ಸಹಿಯೋ ನಿಜವೋ, ಯಾವುದು ಮೊದಲೆಂದು ನನಗೂ ಗೊತ್ತಿಲ್ಲ.