ಒಂದಕ್ಷರದ ಗುಂಡಿ

ಮನೆಯಲ್ಲಿ ಒಂದು ಕೆಲಸಕ್ಕೂ ಬಾರದವರೇ ಊರ ಕೆಲಸಕ್ಕೆ ಮುಂದಾಗುತ್ತಾರೆ ಎಂಬುದು ನನ್ನ ಹೆಂಡತಿ ಶಮೀಮಳ ಸಿದ್ಧಾಂತ. ಉದಾಹರಣೆ ಬೇಕಾದಾಗ ಅವಳು ದೂರ ಹೋಗುವುದಿಲ್ಲ, ನನ್ನ ಕಡೆ ನೋಡುತ್ತಾಳೆ. ನಮ್ಮ ಬಚ್ಚಲಿನ ನಲ್ಲಿ ರಂಜಾನಿನಿಂದ ತೊಟ್ಟಿಕ್ಕುತ್ತಿದೆ. ಚಳ್ಳಕೆರೆಯಲ್ಲಿ ಲಾರಿ ಬಿಡಿಭಾಗಗಳ ಅಂಗಡಿ ಇಟ್ಟವನ ಮನೆಯಲ್ಲಿ ಒಂದು ವಾಷರ್‌ಗೆ ಗತಿಯಿಲ್ಲವೆಂದರೆ ಯಾರು ನಂಬುತ್ತಾರೆ? ಅಂಥ ನಾನು, ಗೆಳೆಯ ಬಾಷಾನ ಮಾತಿಗೆ ಕಟ್ಟುಬಿದ್ದು, ಮೊಳಕಾಲ್ಮೂರಿನಲ್ಲಿ ಬೇರೆಯವರಿಗೆ ಮನೆ ಕಟ್ಟಲು ಹೊರಟೆ.

ಬಾಷಾ ಮೆಕ್ಯಾನಿಕ್. ಅವನ ಬಳಗದವರು ಸ್ವಂತ ಸೂರಿಲ್ಲದ ಬಡವರಿಗೆ ಭಾನುವಾರಗಳಲ್ಲಿ ಕೈಯಾರೆ ಮನೆ ಕಟ್ಟಿಕೊಡುತ್ತಾರೆ. ಸಿಮೆಂಟು, ಇಟ್ಟಿಗೆ ದಾನಿಗಳದು. ಮನೆ ಪಡೆಯುವವರೂ ಜೊತೆಗೆ ಮಣ್ಣು ಹೊರಬೇಕೆಂಬುದು ನಿಯಮ. ಈ ಸಲದ ಮನೆ ಲಕ್ಷ್ಮಕ್ಕನವರದು. ಗಂಡನ ದೃಷ್ಟಿ ಮಂಜಾದ ಮೇಲೆ, ಇದ್ದ ಒಂದೇ ಮಗ್ಗದಲ್ಲಿ ಒಬ್ಬರೇ ರೇಷ್ಮೆ ಸೀರೆ ನೇಯ್ದು ಸಂಸಾರ ತೂಗಿಸುತ್ತಿದ್ದರು. ಬಾಡಿಗೆ ಮನೆಯವರು ಖಾಲಿ ಮಾಡಲು ಹೇಳಿಯಾಗಿತ್ತು. ಹೊಸ ಮನೆಯಲ್ಲಿ ಮಗ್ಗ ನಿಂತರೇ ಅವರ ಒಲೆ ಉರಿಯಬೇಕು.

ಇಲ್ಲಿ ನನ್ನ ತೆಲುಗಿನ ವಿಷಯ ಹೇಳಬೇಕು. ಲಕ್ಷ್ಮಕ್ಕನವರ ಮನೆಮಾತು ತೆಲುಗು, ನನ್ನದು ಉರ್ದು. ಆದರೆ ಆಂಧ್ರದ ಲಾರಿ ಡ್ರೈವರ್‌ಗಳ ಜೊತೆ ಚೌಕಾಶಿ ಮಾಡಿ ಮಾಡಿ ನನಗೆ ತೆಲುಗು ನೀರು ಕುಡಿದಷ್ಟು ಸುಲಭ ಎಂದು ನಾನೇ ಸುದ್ದಿ ಹಬ್ಬಿಸಿದ್ದೆ. ಆ ಭಾನುವಾರ ನೆಲಕ್ಕೆ ಕಾಂಕ್ರೀಟ್ ಹಾಕುವುದಿತ್ತು. ಮುಂದಿನ ಕೋಣೆಯಲ್ಲಿ ಒಂದು ಗುಂಡಿ ಕಾಣಿಸಿತು. ಎಲ್ಲರಿಗೂ ಊಟ ತರಲು ಹೊರಟ ಲಕ್ಷ್ಮಕ್ಕ, ನನ್ನ ಸುದ್ದಿ ನಂಬಿ, ಅದನ್ನು ತೋರಿಸಿ ತೆಲುಗಿನಲ್ಲೇ "ಆ ಗುಂಟ ಪೂಡ್ಚಕಂಡಿ" ಎಂದು ಹೇಳಿ ಹೋದರು.

"ಏನಂದ್ರಲೇ?" ಎಂದ ಬಾಷಾ.

"ಗುಂಡಿ ಮುಚ್ಚಬೇಕಂತೆ" ಎಂದು ನಾನು ಗತ್ತಿನಿಂದ ಅನುವಾದಿಸಿದೆ.

ಪೂಡ್ಚಂಡಿ ಎಂದರೆ ಮುಚ್ಚಿ. ಪೂಡ್ಚಕಂಡಿ ಎಂದರೆ ಮುಚ್ಚಬೇಡಿ. ನಡುವಿನ 'ಕ' ನನ್ನ ಕಿವಿಗೆ ಬೀಳಲೇ ಇಲ್ಲ. ಡ್ರೈವರ್‌ಗಳು 'ಬೇಡ' ಎನ್ನುವುದನ್ನು ಇಷ್ಟು ಮರ್ಯಾದೆಯಿಂದ ಹೇಳಿದ್ದು ನಾನು ಯಾವತ್ತೂ ಕೇಳಿರಲಿಲ್ಲ. ಕಲ್ಲು, ಇಟ್ಟಿಗೆ ಚೂರು, ಮಣ್ಣು ಸುರಿದು, ಕುಟ್ಟಿ ಕುಟ್ಟಿ ಗಟ್ಟಿ ಮಾಡಿದೆ. ಜೀವಮಾನದಲ್ಲಿ ಹಾಗೆ ದುಡಿದವನಲ್ಲ. ಬಾಷಾ ಮೇಲೆ ಕಾಂಕ್ರೀಟ್ ಹರಡಿ ಮಟ್ಟ ಮಾಡಿದ. ಅಷ್ಟರಲ್ಲಿ ಚಿತ್ರಾನ್ನದ ಪಾತ್ರೆ ಹೊತ್ತು ಬಂದ ಲಕ್ಷ್ಮಕ್ಕ ಬಾಗಿಲಲ್ಲೇ ನಿಂತರು. ನಾನು ಹೊಗಳಿಕೆಗೆ ಕಾದೆ.

"ಇನ್ನ ಕಾಲು ಎಲ್ಲಿ ಇಳಿಬಿಟ್ಕಂಡು ಕುಂದರ್ಲಿ ಅಣ್ಣಾ?" ಎಂದು ಕನ್ನಡದಲ್ಲಿ ಮೆಲ್ಲಗೆ ಕೇಳಿದರು.

ಅದು ಮಗ್ಗದ ಗುಂಡಿ. ನೇಯುವವರು ಅದರೊಳಗೆ ಕಾಲಿಳಿಸಿ ಕೂತು, ಕೆಳಗಿನ ಹಲಗೆ ತುಳಿದೇ ಮಗ್ಗ ನಡೆಸಬೇಕು. ನಾನು ಅವರಿಗೆ ಮನೆ ಕಟ್ಟಿಕೊಟ್ಟು ಅನ್ನದ ಮೇಲೆ ಕಾಂಕ್ರೀಟ್ ಹಾಕಿಸಿದ್ದೆ. ಅವರ ಕಣ್ಣು ತುಂಬಿತು.

"ನಿನ್ನ ತೆಲುಗಿಗಿಷ್ಟು ಬೆಂಕಿ ಹಾಕ ಲೇ" ಎಂದ ಬಾಷಾ. ಪುಣ್ಯಕ್ಕೆ ಕಾಂಕ್ರೀಟ್ ಇನ್ನೂ ಹಸಿಯಾಗಿತ್ತು. ಅದನ್ನು ಬಾಚಿ ತೆಗೆದು, ಊಟ ಬಿಟ್ಟು ಗುದ್ದಲಿ ಹಿಡಿದೆ. ಯಾರು ಕೇಳಿದರೂ ಕೊಡಲಿಲ್ಲ. ಪಶ್ಚಾತ್ತಾಪದ ಭರದಲ್ಲಿ ನನ್ನ ಎದೆಮಟ್ಟಕ್ಕೆ ಅಗೆದುಬಿಟ್ಟೆ. ಕುಳ್ಳಗಿನ ಲಕ್ಷ್ಮಕ್ಕ ಅಂಚಿನಲ್ಲಿ ಕೂತು ನೋಡಿದರೆ ಪಾದ ಗಾಳಿಯಲ್ಲಿ ತೂಗಾಡುತ್ತಿತ್ತು. ಅವರಿಗೆ ನಗು ತಡೆಯಲಾಗಲಿಲ್ಲ.

"ಕೊಂಚೆಂ ಪೂಡ್ಚಂಡಿ" ಎಂದರು, ಸ್ವಲ್ಪ ಮುಚ್ಚಿ ಎಂದು.

ನಾನು ಗುಂಡಿಯೊಳಗಿಂದಲೇ ಕೇಳಿದೆ: "ಅಕ್ಕಾ, ಇದ್ರಾಗೆ 'ಕ' ಐತೋ, ಇಲ್ವೋ?"

ಗೃಹಪ್ರವೇಶಕ್ಕೆ ಫೋನ್ ಮಾಡಿದಾಗ ಅವರು, "ಕನ್ನಡದಾಗೇ ಹೇಳ್ತೀನಿ ಅಣ್ಣಾ. ಅಕ್ಕಾರನ್ನ ಕರ್ಕಂಡು ಬರ್ರಿ. ಗುದ್ದಲಿ ತರಬ್ಯಾಡ್ರಿ" ಎಂದರು. ಶಮೀಮಳನ್ನು ಕರೆದುಕೊಂಡು ಹೋದೆ. ಲಕ್ಷ್ಮಕ್ಕ ಮಗ್ಗಕ್ಕೆ ಕೂತು ಕಾಲಿಳಿಸಿದರು. ಪಾದ ಹಲಗೆಗೆ ತಾಕಿತು, ಮಗ್ಗ ಸದ್ದು ಮಾಡಿತು. ನನಗೆ ಆಗ ಉಸಿರು ಬಂತು. ಶಮೀಮ್ ಬಗ್ಗಿ ಬಗ್ಗಿ ಗುಂಡಿ ನೋಡಿದಳು. ಹೆಮ್ಮೆಯಿಂದ ಏನಾದರೂ ಹೇಳುತ್ತಾಳೆಂದು ಬಸ್ಸಿನಲ್ಲಿ ಚಳ್ಳಕೆರೆಯವರೆಗೂ ಕಾದೆ.

ಇಳಿಯುವಾಗ ಹೇಳಿದಳು: "ನಾಳೆ ಪ್ಲಂಬರ್‌ಗೆ ಬರೋಕೆ ಹೇಳಿದೀನಿ. ಅಲ್ಲೀವರೆಗೂ ನೀವು ನಲ್ಲಿ ಮುಟ್ಟಬೇಡಿ."

ಉರ್ದುವಿನಲ್ಲಿ ಹೇಳಿದ್ದರಿಂದ ಆ 'ಬೇಡಿ' ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತು.