ಚಕ್ರ ಕೊಟ್ಟವನ ಕಣ್ಣೀರು

ಹಿತೇಶ ಕೆಟ್ಟದ್ದು ಒಂದೇ ಒಂದು ಹೆಸರಿನಿಂದ. ಅದು ಹುಡುಗಿಯ ಹೆಸರಾಗಿದ್ದರೆ ಊರವರಾದರೂ ನಂಬುತ್ತಿದ್ದರು. ತೊಂಬತ್ತು ವರ್ಷದ ಹಿಂದೆ ಫ್ರಾನ್ಸಿನ ಬೆಟ್ಟಗಳಲ್ಲಿ ಸೈಕಲ್ ತುಳಿದ ರೆನೆ ವಿಯೆಟೊ ಎಂಬವನ ಹೆಸರದು.

ಹಿತೇಶನ ಬಾಸ್ ಕಿಶನ್ ಸರ್‌ಗೆ ಹಳೇ ಕಾಲದ ಸೈಕಲ್ ವೀರರೆಂದರೆ ಪ್ರಾಣ. ದಿಲ್ಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬೆಳೆದ ಕನ್ನಡಿಗ, ಈಗ ಇಂದಿರಾಪುರಂನ ಒಂದು ಟವರಿನ ತುತ್ತತುದಿಯಲ್ಲಿ ವಾಸ. ಆಫೀಸಿನ ಕ್ಯಾಬಿನ್ ಗೋಡೆಯ ಮೇಲೆ ಕೊಪ್ಪಿ, ಆಂಕೆಟಿಲ್, ಮರ್ಕ್ಸ್ ಸಾಲಾಗಿ ನಿಂತಿದ್ದರು. ಮುಂದೆ ಊದುಬತ್ತಿ ಹಚ್ಚುವುದೊಂದು ಬಾಕಿ. ಮರ್ಕ್ಸನಿಗೆ 'ನರಭಕ್ಷಕ' ಎಂದು ಅಡ್ಡಹೆಸರಿತ್ತಂತೆ, ಬೇರೆಯವರಿಗೆ ಒಂದು ತುತ್ತು ಗೆಲುವನ್ನೂ ಬಿಡದವನು. ಕಿಶನ್ ಸರ್ ರಜೆಯ ವಿಷಯದಲ್ಲಿ ಅವನ ಶಿಷ್ಯ.

ಹಿತೇಶನಿಗೆ ಬೇಕಿದ್ದದ್ದು ಹತ್ತು ದಿನದ ರಜೆ. ಸ್ವಂತ ಮದುವೆಗೆ. ಅರ್ಜಿ ಎರಡು ಸಲ ಹೋಗಿ ಎರಡು ಸಲವೂ ಹುಟ್ಟಿದ ಮನೆಗೆ ವಾಪಸ್ ಬಂದಿತ್ತು. ಮೂಲ್ಕಿಯಿಂದ ಮಯೂರಿ ಫೋನಿನಲ್ಲಿ ಕೇಳಿದಳು: "ನೀವು ಬರ್ತೀರಾ, ಇಲ್ಲಾ ನಿಮ್ಮ ಫೋಟೋಕ್ಕೆ ಹಾರ ಹಾಕ್ಲಾ? ಆಮೇಲೆ ಜನ ಅದನ್ನು ಬೇರೆ ತರ ಅರ್ಥ ಮಾಡ್ಕೊಂಡ್ರೆ ನನ್ನನ್ನು ಕೇಳ್ಬೇಡಿ."

ಹಿತೇಶ ಮೆಟ್ರೋದಲ್ಲಿ ಜೋತಾಡುತ್ತಾ ವಿಯೆಟೊನ ಬಗ್ಗೆ ಅರ್ಧ ಪುಟ ಓದಿದ. ಅಷ್ಟರಲ್ಲಿ ಸ್ಟೇಷನ್ ಬಂತು. ಮರುದಿನ ಕ್ಯಾಂಟೀನಿನಲ್ಲಿ ಆ ಅರ್ಧ ಪುಟವನ್ನೇ ಬಾಸ್ ಮುಂದೆ ಬಡಿಸಿದ.

"ಸರ್, ನನಗೆ ದೇವರು ಅಂದ್ರೆ ವಿಯೆಟೊ."

ಕಿಶನ್ ಸರ್ ಕೈಯ ಪರಾಠಾ ತಟ್ಟೆಗೆ ಬಿತ್ತು. "ಅರೇ ವಾಹ್! ರೇಸ್‌ನಲ್ಲಿ ಟೀಮ್ ಲೀಡರ್‌ಗೆ ತನ್ನ ಮುಂದಿನ ಚಕ್ರ ಬಿಚ್ಚಿ ಕೊಟ್ಟು, ಗೋಡೆ ಮೇಲೆ ಕೂತು ಅತ್ತ ಹುಡುಗ! ಆ ಫೋಟೋ ನೋಡಿದ್ರೆ ಇವತ್ತಿಗೂ ನನ್ನ ಕಣ್ಣು ತುಂಬುತ್ತೆ ಕಣೋ."

ಪ್ಯಾಂಟ್ರಿಯಲ್ಲಿ ಚಹಾ ಕೊಡುತ್ತಿದ್ದ ಮುದುಕನನ್ನು ದೀಪಾವಳಿಗೆ ಮುಂಚೆ ಕೆಲಸದಿಂದ ಕಿತ್ತಾಗ ಅದೇ ಕಣ್ಣು ರಾಜಸ್ಥಾನದಂತೆ ಒಣಗಿತ್ತು.

"ಈ ಸಂಡೇ ನಮ್ಮ ಗ್ರೂಪ್ ಜೊತೆ ಬಾ. ನಾನು ಲೀಡರ್, ನೀನು ವಿಯೆಟೊ. ನಿನ್ನ ರಜೆ ಮಾತೂ ಅಲ್ಲೇ ಆಡೋಣ. ಚಲೋ!"

ಹಿತೇಶನ ಬಳಿ ಸೈಕಲ್ ಇರಲಿಲ್ಲ. ಕರೋಲ್ ಬಾಗಿನಲ್ಲಿ ಉಡುಪಿ ಹೋಟೆಲ್ ನಡೆಸುವ ಜಯಾನಂದಣ್ಣನ ಕಾಲು ಹಿಡಿದ. ಅವರು ಡೆಲಿವರಿ ಸೈಕಲ್ ಕೊಟ್ಟರು. ಹಿಂದೆ ಟ್ರಂಕಿನಷ್ಟು ದೊಡ್ಡ ಹಳದಿ ಡಬ್ಬಿ, ಅದರ ಮೇಲೆ ನಗುವ ಇಡ್ಲಿಯ ಚಿತ್ರ.

"ಡಬ್ಬಿ ಬಿಚ್ಚಿ ಕೊಡಿ ಅಣ್ಣಾ."

"ಬೋಲ್ಟು ತುಕ್ಕು ಹಿಡಿದಿದೆ ಮಾರಾಯ. ಡಬ್ಬಿ ಬಿಚ್ಚಿದ್ರೆ ಸೈಕಲ್ಲೇ ಬಿಚ್ಚಿಕೊಳ್ತದೆ."

ಭಾನುವಾರ ಬೆಳಗ್ಗೆ, ಧೂಳೋ ಹೊಗೆಯೋ ದೇವರಿಗೂ ತಿಳಿಯದ ಆ ಬಿಳುಪಿನಲ್ಲಿ, ಹೆದ್ದಾರಿಯ ಪಕ್ಕ ಗ್ರೂಪು ಸೇರಿತು. ಎಲ್ಲರೂ ಮೈಗಂಟಿದ ಬಣ್ಣದ ಬಟ್ಟೆಯಲ್ಲಿ, ಹಗ್ಗ ಬಿಗಿದ ಹಾಸಿಗೆ ಸುರುಳಿಯಂತೆ ಕಾಣುತ್ತಿದ್ದರು. ಇಡ್ಲಿ ಡಬ್ಬಿ ನೋಡಿ ಒಬ್ಬ "ಭಯ್ಯಾ, ದೋ ಪ್ಲೇಟ್!" ಎಂದ. ಕಿಶನ್ ಸರ್ ಮಾತ್ರ ಗಂಭೀರವಾಗಿ, "ನಗಬೇಡಿ. ಕೊಪ್ಪಿ ಕೂಡ ಮೊದಲು ಮಾಂಸದಂಗಡಿಯ ಡೆಲಿವರಿ ಹುಡುಗ. ವಿಯೆಟೊ ಹೋಟೆಲ್‌ನಲ್ಲಿ ಲಗೇಜ್ ಎತ್ತುತ್ತಿದ್ದ. ಇಂಥ ಹುಡುಗರೇ ಗ್ರೇಟ್ ಆಗೋದು," ಎಂದರು. ಅವರ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ 'ಡೆಲಿವರಿ ಹುಡುಗರಿಗೆ ಲಿಫ್ಟ್ ಪ್ರವೇಶವಿಲ್ಲ' ಎಂಬ ಬೋರ್ಡು ಹಾಕಿಸಿದ್ದ ಅಧ್ಯಕ್ಷರೂ ಅವರೇ. ಕೊಪ್ಪಿ ಸತ್ತು ಫೋಟೋ ಆಗಿದ್ದರಿಂದ ಬಚಾವಾದ. ಬದುಕಿ ಇಂದಿರಾಪುರಂಗೆ ಬಂದಿದ್ದರೆ ಮೆಟ್ಟಿಲು ಹತ್ತಬೇಕಿತ್ತು.

ಸವಾರಿ ಶುರುವಾಯಿತು. ಹಿತೇಶನ ಸೈಕಲ್ ಹೆರಿಗೆಗೆ ಬಂದ ಎಮ್ಮೆಯಂತೆ ನರಳುತ್ತಿತ್ತು. ಅಕ್ಷರಧಾಮ ದಾಟುವಷ್ಟರಲ್ಲಿ ಗ್ರೂಪು ಮಾಯವಾಗಿ ಗಾಳಿಯೊಂದೇ ಜೊತೆಗುಳಿಯಿತು. ಸ್ವಲ್ಪ ಮುಂದೆ ದಾರಿ ಬದಿಯಲ್ಲಿ ಕಿಶನ್ ಸರ್ ಒಬ್ಬರೇ ನಿಂತಿದ್ದರು. ಮುಂದಿನ ಟಯರು ಚಪ್ಪಟೆ. ಆದರೆ ಅವರ ಮುಖ ಮಗ ಹುಟ್ಟಿದವರಂತೆ ಅರಳಿತ್ತು.

"ಹಿತೇಶ್! ಪಂಕ್ಚರ್! ದೇವರೇ ಕಳಿಸಿದ ಪಂಕ್ಚರ್! ಬಿಚ್ಚು ಚಕ್ರ!"

ಬಿಚ್ಚಿದರು. ಕಾರ್ಬನ್ ಸೈಕಲ್ಲಿಗೆ ಇಡ್ಲಿ ಸೈಕಲ್ಲಿನ ಚಕ್ರ ಕೂರುವುದುಂಟೇ? ಬಾಸ್ ಎದೆಗುಂದಲಿಲ್ಲ. "ಹಾಗಾದ್ರೆ ಪೂರ್ತಿ ಸೈಕಲ್ಲೇ ಕೊಡು. ನೀನು ನನ್ನ ಸೈಕಲ್ ಮನೆಗೆ ಮುಟ್ಟಿಸು. ಇರು, ಮೊದಲು ಫೋಟೋ! ಆ ಗೋಡೆ ಮೇಲೆ ಕೂತ್ಕೋ. ಅಳು."

ಹಿತೇಶ ಮುಖ ಹಿಂಡಿದ.

"ಇದು ಅಳುವಾ? ಹಲ್ಲುನೋವು ತರ ಇದೆ. ಒಳಗಿಂದ ಬರ್ಲಿ!"

ಬರಲಿಲ್ಲ. ಬಾಸ್ ಬೇಸರದಿಂದ ಚಕ್ರ ಮತ್ತೆ ಹಾಕಿಸಿ, ಹೊಗೆಗೆಂದು ಮುಖಕ್ಕೆ ಮಾಸ್ಕ್ ಏರಿಸಿ, ಇಡ್ಲಿ ಡಬ್ಬಿ ಅಲ್ಲಾಡಿಸುತ್ತಾ ಹೊರಟುಹೋದರು.

ಹಿತೇಶ ಇ-ರಿಕ್ಷಾ ಹಿಡಿದು, ಕಾರ್ಬನ್ ಸೈಕಲನ್ನು ಬಾಣಂತಿಯ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಸೊಸೈಟಿ ತಲುಪಿದ. ಗೇಟಿನ ಗಾರ್ಡು ಹಿಂದಿನ ದಿನವಷ್ಟೇ ಸೇರಿದ ಹೊಸಬ. ಒಬ್ಬ ಡೆಲಿವರಿ ಹುಡುಗನಿಗೆ ಲಿಫ್ಟ್ ಬಿಟ್ಟನೆಂದು ಹಳಬನನ್ನು ಕಿಶನ್ ಸರ್ ಕಳಿಸಿದ್ದರು. ಹೊಸಬ ಸೈಕಲ್ ನೋಡಿದ್ದೇ ಸೆಲ್ಯೂಟ್ ಹೊಡೆದ: "ನಮಸ್ತೆ ಸಾಬ್!" ಲಿಫ್ಟಿನ ಬಾಗಿಲನ್ನೂ ತಾನೇ ಹಿಡಿದ.

ಮೇಲೆ ಕಿಶನ್ ಸರ್ ಹೆಂಡತಿ ಹರ್ಷಿಣಿ ಚಹಾ ಕೊಟ್ಟು ಕೂರಿಸಿದರು. ಲೋಟ ಅರ್ಧವಾಗಿತ್ತು, ಇಂಟರ್‌ಕಾಂ ಕಿರುಚಿತು. ಹರ್ಷಿಣಿ ಎತ್ತಿದರು.

"ಯಾರು? ಇಡ್ಲಿಯವನಾ? ಮುಖಕ್ಕೆ ಮಾಸ್ಕ್ ಹಾಕ್ಕೊಂಡು ತಾನೇ ಸಾಹೇಬ್ ಅಂತಾನಾ? ಭಯ್ಯಾ, ಸಾಹೇಬ್ರ ಸೈಕಲ್ ಆಗ್ಲೇ ಮೇಲೆ ಬಂದಿದೆ. ನಾವು ಇಡ್ಲಿ ಹೇಳೇ ಇಲ್ಲ."

ಹಿತೇಶನಿಗೆ ಚಹಾ ಮೂಗಿಗೆ ಹೋಯಿತು. "ಮೇಡಂ, ಅದು... ಅದು ಸಾರೇ!"

"ಹಾಂ? ಅಯ್ಯೋ! ಭಯ್ಯಾ, ಊಪರ್ ಭೇಜೋ, ಜಲ್ದಿ!"

ಗಾರ್ಡು ಕಳಿಸಿದ. ಮೆಟ್ಟಿಲ ಮೇಲೆ. ಮೇಡಂ ಮೇಲೆ ಕಳಿಸು ಅಂದರು, ಬೋರ್ಡು ಲಿಫ್ಟ್ ಬೇಡ ಅಂದಿತ್ತು. ಎರಡನ್ನೂ ಪಾಲಿಸಿದ ಪ್ರಾಮಾಣಿಕ. ಅಧ್ಯಕ್ಷರು ಕೂಗಾಡಿದ್ದಕ್ಕೆ, "ಇಲ್ಲಿನ ಪ್ರೆಸಿಡೆಂಟ್ ಬಹಳ ಕೆಟ್ಟವನು ಭಾಯ್, ನನ್ನ ನೌಕ್ರಿ ಹೋಗುತ್ತೆ," ಎಂದು ಕೈಮುಗಿದನಂತೆ.

ಹಿತೇಶ ಸೋಫಾದ ತುದಿಯಲ್ಲಿ ಕುಳಿತು ತನ್ನ ಮದುವೆಯ ತಿಥಿ ಮಾಡುತ್ತಿದ್ದ. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಕಿಶನ್ ಸರ್ ಆವಿಯಲ್ಲಿ ಬೆಂದ ಪತ್ರೊಡೆಯಂತೆ ಒಳಬಂದರು. ಹಿತೇಶ ಎದ್ದು ನಿಂತ. ಬಾಸ್ ಹತ್ತಿರ ಬಂದು ಎರಡೂ ಕೈ ಎತ್ತಿದರು. ಹಿತೇಶ ಕಣ್ಣು ಮುಚ್ಚಿಕೊಂಡ.

ಅವರು ಅಪ್ಪಿಕೊಂಡರು.

"ಏನ್ ಕ್ಲೈಂಬ್ ಕಣೋ! ಆ ಭಾರದ ಸೈಕಲ್, ಆಮೇಲೆ ಈ ಮೆಟ್ಟಿಲು! ಹಳಬರ ಕಷ್ಟ ಏನು ಅಂತ ಇವತ್ತು ಗೊತ್ತಾಯ್ತು! ಎಲ್ಲಾ ನಿನ್ನಿಂದ. ರಜೆ ತಾನೇ? ತಗೋ!" ಮೊಬೈಲ್ ತೆಗೆದು ಅಲ್ಲೇ ಒತ್ತಿದರು. ಹಿತೇಶನ ಜೇಬಿನಲ್ಲಿ ಟಿಣ್ ಎಂದಿತು: ಹತ್ತು ದಿನ, ಮಂಜೂರು.

ಅವನು ಬಾಲ್ಕನಿಗೆ ಓಡಿ ಮಯೂರಿಗೆ ಫೋನ್ ಮಾಡಿದ. "ಸಿಕ್ತು ಮಾರಾಯ್ತಿ! ಪೂರ್ತಿ ಹತ್ತು ದಿನ!" ಆ ಕಡೆ ಅವಳು ಅಮ್ಮನನ್ನು ಕೂಗುವುದು, ಅಮ್ಮ ಅಪ್ಪನನ್ನು ಕೂಗುವುದು ಕೇಳಿಸಿತು.

ಬೆನ್ನ ಮೇಲೆ ಬಾಸ್ ಕೈ ಬಿತ್ತು. "ಚಕ್ರ ಕೊಟ್ಟ ಮಾರನೇ ದಿನ ವಿಯೆಟೊ ಏನ್ ಮಾಡ್ದ, ನೆನಪಿದೆ ತಾನೇ?"

ಮಾರನೇ ದಿನ ಇದ್ದದ್ದು ಹಿತೇಶ ಓದದೆ ಬಿಟ್ಟ ಅರ್ಧ ಪುಟದಲ್ಲಿ.

"ಲೀಡರ್ ಸೈಕಲ್ ಮತ್ತೆ ಕೆಡ್ತು. ಮುಂದೆ ಹೋಗಿದ್ದ ಹುಡುಗ ಬೆಟ್ಟ ವಾಪಸ್ ಹತ್ತಿ ಬಂದು ತನ್ನ ಸೈಕಲ್ ಕೊಟ್ಟ! ಎರಡನೇ ಸಲ! ಅದಕ್ಕೇ ನಿನ್ನ ಹಳೇ ಅರ್ಜಿಯಲ್ಲಿ ಕಾರಣ ಒಂದನ್ನೇ ಬದಲಾಯಿಸಿದೆ. ಮನಾಲಿಯಿಂದ ಲೇಹ್‌ಗೆ ಕಂಪನಿ ರೈಡ್, ನಾನು ಲೀಡರ್, ನೀನು ಹಿಂದೆ. ಅದೃಷ್ಟ ನೋಡು, ನೀನು ಕೇಳಿದ್ದ ಅದೇ ಹತ್ತು ದಿನ! ಎಂಡಿಗೂ ಹೆಸರು ಕಳಿಸಿಬಿಟ್ಟೆ."

ಹಿತೇಶ ಬಾಲ್ಕನಿಯ ಕಟ್ಟೆಯ ಮೇಲೆ ಕುಸಿದು ಕುಳಿತ. ಪಕ್ಕದಲ್ಲೇ ಗಾಳಿಯಿಲ್ಲದ ಚಕ್ರದ ಸೈಕಲ್ ಒರಗಿತ್ತು.

"ಹಲೋ? ಹಲೋ?" ಮಯೂರಿ ಕೇಳುತ್ತಿದ್ದಳು. "ಏನಾಯ್ತು? ಅಳ್ತಿದ್ದೀರಾ? ಖುಷಿಗಾ?"

"ಹಾಂ, ಹಾಗೇ ಇರು, ಅಲ್ಲಾಡಬೇಡ!" ಕಿಶನ್ ಸರ್ ಮೊಬೈಲ್ ಎತ್ತಿ ಹಿಡಿದಿದ್ದರು. "ಈಗ ಬಂತು ನೋಡು, ಒಳಗಿಂದ!"