ಪೂಜೆಗಿಟ್ಟ ಲ್ಯಾಬ್ ಕಿಟ್ಟು

ಓದುವುದಕ್ಕೆ ವಯಸ್ಸಿನ ಮಿತಿಯಿಲ್ಲ ಎನ್ನುತ್ತಾರೆ. ಇರಬಹುದು. ಓದು ತಪ್ಪಿಸಿಕೊಳ್ಳುವುದಕ್ಕಂತೂ ಖಂಡಿತ ಇಲ್ಲ. ನಲವತ್ತು ದಾಟಿದರೂ ನನಗೆ ಆ ವಿದ್ಯೆ ಎಳ್ಳಷ್ಟೂ ಮರೆತಿಲ್ಲ.

ಮೈಸೂರಿನಲ್ಲಿ ಬಿ.ಎ. ಮಾಡಿ, ವಿಜ್ಞಾನವೆಂದರೆ ಮಾರು ದೂರ ನಿಲ್ಲುತ್ತಿದ್ದವಳು ನಾನು. ಈಗ ಅಮೆರಿಕದ ನಾರ್ತ್‌ರಿಜ್‌ನ ಒಂದು ಶಾಲೆಯಲ್ಲಿ ಟೀಚರಿಗೆ ಸಹಾಯಕಿಯಾಗಿದ್ದೇನೆ. ನಾನೇ ಟೀಚರಾಗಬೇಕೆಂದು ಬಹಳ ಆಸೆ. ಅದಕ್ಕೆ ಕಮ್ಯುನಿಟಿ ಕಾಲೇಜಿನಲ್ಲಿ ಭೌತವಿಜ್ಞಾನದ ಕೋರ್ಸೊಂದು, ಅದೂ ಲ್ಯಾಬ್ ಸಮೇತ, ಪಾಸಾಗಲೇಬೇಕಂತೆ. ಕೊರೋನಾ ವರ್ಷ ನೋಡಿ, ಲ್ಯಾಬೇ ಡಬ್ಬದಲ್ಲಿ ಕೂತು ಮನೆಗೆ ಬಂತು. ಗಂಡನ ಮೀಟಿಂಗು, ಮಗಳ ಆನ್‌ಲೈನ್ ಕ್ಲಾಸು, ಅತ್ತೆಯ ಕಷಾಯ ಅಂತ ನೆಪ ಹೇಳಿ ಮೊದಲ ಎರಡು ರಿಪೋರ್ಟಿಗೆ ಸೊನ್ನೆ ಗಿಟ್ಟಿಸಿದೆ. ಮೂರನೆಯದು ಲೋಲಕದ ಪ್ರಯೋಗ. ಅದನ್ನು ಭಾನುವಾರದೊಳಗೆ ಕಳಿಸದಿದ್ದರೆ ಕೋರ್ಸೂ ಹೋಯಿತು, ಟೀಚರಿಕೆಯೂ ಹೋಯಿತು.

ಪುಣ್ಯಕ್ಕೆ ಆ ಭಾನುವಾರವೇ ಆಯುಧಪೂಜೆ! ವಿಮಾನವಿಲ್ಲದೆ ನಮ್ಮಲ್ಲೇ ಉಳಿದುಹೋಗಿದ್ದ ಅತ್ತೆ ಬೆಳಗ್ಗೆಯೇ ಸರಸ್ವತಿಯ ಮುಂದೆ ಪುಸ್ತಕಗಳನ್ನು ಜೋಡಿಸುತ್ತಿದ್ದರು. ಪೂಜೆಗಿಟ್ಟದ್ದನ್ನು ವಿಜಯದಶಮಿಯವರೆಗೆ ಮುಟ್ಟುವ ಹಾಗಿಲ್ಲ. ಚಿಕ್ಕಂದಿನಲ್ಲಿ ನಾನು ಗಣಿತದ ಪುಸ್ತಕವನ್ನು ಎಲ್ಲರಿಗಿಂತ ಮೊದಲು ಇಡುತ್ತಿದ್ದದ್ದು ಭಕ್ತಿಗಲ್ಲ. ಈಗ ಲ್ಯಾಬ್ ಡಬ್ಬ ತಂದಿಟ್ಟೆ. "ಎಷ್ಟು ಶ್ರದ್ಧೆ ಈ ಹುಡುಗಿಗೆ!" ಎಂದು ಅತ್ತೆ ಧಾರಾಳವಾಗಿ ಅರಿಶಿನ ಕುಂಕುಮ ಹಚ್ಚಿ ಚೆಂಡುಹೂವಿಟ್ಟರು.

"ಅಮ್ಮಾ, ದಿಸ್ ಈಸ್ ಚೀಟಿಂಗ್," ಎಂದಳು ಮಗಳು.

"ಸುಮ್ನಿರೇ, ಇದು ಸಂಪ್ರದಾಯ," ಎಂದು ಪ್ರೊಫೆಸರ್ ಮೇಡಂಗೆ ಈಮೇಲ್ ಹಾಕಿದೆ: ಉಪಕರಣಗಳು ಪೂಜೆಯಲ್ಲಿವೆ, ಇವತ್ತು ಮುಟ್ಟಿದರೆ ದೋಷ, ದಯವಿಟ್ಟು ಒಂದು ವಾರ ಸಮಯ ಕೊಡಿ.

ಉತ್ತರ ತಕ್ಷಣ ಬಂತು: ಎಂಥ ಸುಂದರ ಪದ್ಧತಿ, ನಾಳೆ ಮುಟ್ಟಬಹುದು ತಾನೆ? ಕ್ಲಾಸಿನಲ್ಲಿ ಎಲ್ಲರೆದುರು ಕಿಟ್ಟನ್ನು ಪೂಜೆಯಿಂದ ತೆಗೆದು ಪ್ರಯೋಗ ಮಾಡಿ ತೋರಿಸಿ, ಅದೇ ನಿಮ್ಮ ರಿಪೋರ್ಟು! ಇವರಿಗೆ ವಿಜಯದಶಮಿಯ ವಿಷಯ ಯಾರು ಹೇಳಿದರೋ!

ಸೋಮವಾರ ರೇಷ್ಮೆ ಸೀರೆಯುಟ್ಟು ಕ್ಯಾಮೆರಾ ಮುಂದೆ ಕೂತೆ. ಪಕ್ಕದಲ್ಲಿ ಅತ್ತೆ. ಡಬ್ಬವನ್ನು ಕಣ್ಣಿಗೊತ್ತಿಕೊಂಡು ತೆರೆಯಹೋದರೆ, ಅಯ್ಯೋ ದೇವರೇ, ಕುಂಕುಮ ಇದ್ದದ್ದು ಕಂಪನಿಯವರು ಅಂಟಿಸಿದ್ದ ಟೇಪಿನ ಮೇಲೇ. ಉಗುರು ಹಾಕಿದೆ, ಬರಲಿಲ್ಲ. ಹಲ್ಲು ಹಾಕಿದೆ, ಬಾಯೆಲ್ಲ ಅರಿಶಿನ. "ತಡಿಯಮ್ಮಾ," ಎಂದು ಅತ್ತೆ ಪೂಜೆಗಿಟ್ಟಿದ್ದ ಕತ್ತರಿಯನ್ನೇ ತಂದುಕೊಟ್ಟರು. ಅಷ್ಟು ಹೊತ್ತೂ ಕ್ಲಾಸಿಗೆ ಕ್ಲಾಸೇ ನೋಡುತ್ತಿತ್ತು.

ಮೇಡಂ ಮುಂದಕ್ಕೆ ಬಾಗಿದರು. "ಈ ಕಿಟ್ಟು ಆಗಸ್ಟಿನಲ್ಲೇ ಬಂದಿತ್ತಲ್ಲವೆ?"

"ಹೌದು ಮೇಡಂ."

"ಹಾಗಾದರೆ ನಿಮ್ಮ ಪೂಜೆ ಆಗಸ್ಟಿನಿಂದಲೇ ನಡೆಯುತ್ತಿದೆ."

ನಾಚಿಕೆಯಿಂದ ಭೂಮಿಗಿಳಿದುಹೋದೆ. ಆದರೂ ಲೋಲಕ ಕಟ್ಟಿದೆ, ತೂಗಿಸಿದೆ, ಎಣಿಸಿದೆ. ಹೇಗೋ ಪಾಸಾಗುವಷ್ಟು ಅಂಕ ಬಂತು.

ಇಂಗ್ಲಿಷ್ ಅಷ್ಟಾಗಿ ಬಾರದ ಅತ್ತೆ, "ಏನಂದ್ರು ನಿಮ್ಮ ಮೇಡಮ್ಮು?" ಎಂದು ಕೇಳಿದರು.

"ನನ್ನ ಭಕ್ತಿ ಮೆಚ್ಚಿಕೊಂಡರು ಅತ್ತೆ."

"ನೋಡಿದ್ಯಾ! ದೀಪಾವಳಿ ಲಕ್ಷ್ಮೀಪೂಜೆಗೂ ಇಟ್ಟುಬಿಡೋಣ," ಎಂದು ಅವರು ಆಗಲೇ ಡಬ್ಬಕ್ಕೆ ಕೈ ಹಾಕಿದರು. ನಾನು ಅದನ್ನು ಕಿತ್ತುಕೊಂಡು, ಸೀರೆಯನ್ನೂ ಬದಲಿಸದೆ, ಮುಂದಿನ ಪ್ರಯೋಗಕ್ಕೆ ಕೂತೆ.